ಕೂಸು ಅತ್ತಿತು ಸರಿ, ಕೇಳಿಸಿಕೊಂಡಿತೆ?

ನಾಗಲಮಡಿಕೆ (ಪಾವಗಡ ತಾ.): ಹೆರಿಗೆ ಕೋಣೆಯ ಹೊರಗೆ ಕಾದು ಕುಳಿತವರು ಮೊದಲು ಕೇಳಬಯಸುವುದು ಕೂಸಿನ ಅಳು. ಗಂಡೋ ಹೆಣ್ಣೋ ಎಂಬ ಪ್ರಶ್ನೆ ಆಮೇಲಿನದು. ಅಳು ಕೇಳಿಸಿತೆಂದರೆ ಕೂಸು ಗಟ್ಟಿಯಾಗಿದೆ ಎಂಬುದು ಹಳ್ಳಿ, ಪಟ್ಟಣಗಳೆರಡರ ನಂಬಿಕೆ. ಉಸಿರಾಟದ ಮಟ್ಟಿಗೆ ಈ ನಂಬಿಕೆ ಬಹುಪಾಲು ನಿಜವೂ ಹೌದು. ಆದರೆ ಅದೇ ಅಳುವನ್ನು ಕೇಳಿ, ಕಿವಿಯೂ ಸರಿಯಿದೆ, ನಾಳೆ ಮಾತೂ ತಾನಾಗಿ ಬರುತ್ತದೆ ಎಂದು ನಿಶ್ಚಿಂತರಾಗುವವರು ಬಹಳ. ಇಲ್ಲಿಯೇ ತಪ್ಪು ನುಸುಳುತ್ತದೆ. ಹುಟ್ಟುಗಿವುಡಾದ ಶಿಶುವೂ ಉಳಿದ ಶಿಶುಗಳಷ್ಟೇ ಜೋರಾಗಿ ಅಳುತ್ತದೆ. ನವಜಾತ ಶಿಶುವಿನ ಕೊರಳಿನಿಂದ ದನಿ ಹೊರಡಲು ಕಿವಿಯ ನೆರವು ಬೇಕಿಲ್ಲದಿರುವುದೇ ಇದಕ್ಕೆ ಕಾರಣ.

ಉತ್ತರ ಪಿನಾಕಿನಿಯ ದಂಡೆಯಲ್ಲಿರುವ ನಾಗಲಮಡಿಕೆ ಸುಬ್ರಹ್ಮಣ್ಯ ಕ್ಷೇತ್ರವೆಂದು ಹೆಸರಾದ ಹೋಬಳಿ ಕೇಂದ್ರ. ಕುಕ್ಕೆಯನ್ನು ಆದಿ, ಘಾಟಿಯನ್ನು ಮಧ್ಯ, ಇದನ್ನು ಅಂತ್ಯ ಸುಬ್ರಹ್ಮಣ್ಯ ಎಂದು ಭಕ್ತರು ಕರೆಯುತ್ತಾರೆ. ಮಕ್ಕಳಾಗಲೆಂದು ಹರಕೆ ಹೊತ್ತು ಬರುವವರು ಕರ್ನಾಟಕದವರಷ್ಟೇ ಅಲ್ಲ, ಗಡಿಯಾಚೆಯ ಆಂಧ್ರದವರೂ ಹೌದು. ಹರಕೆಯ ಫಲವಾಗಿ ಹುಟ್ಟಿದ ಕೂಸು ಹೇಗೆ ದನಿ ಎತ್ತುತ್ತದೆ, ಆ ದನಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿದುಕೊಳ್ಳಲು ಈ ತಾಲ್ಲೂಕಿಗಿಂತ ತಕ್ಕ ಸ್ಥಳ ಸಿಗಲಾರದು. ಏಕೆಂದರೆ ರಾಜ್ಯದ ಅತ್ಯಂತ ಹೆಸರಾಂತ ಸೂಲಗಿತ್ತಿ ಇಲ್ಲಿಯವರೇ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರು ಅಜ್ಜಿಯಿಂದ ಕಲಿತ ವಿದ್ಯೆಯನ್ನು ಏಳು ದಶಕಗಳ ಕಾಲ ನಡೆಸಿದರು. ಆಸ್ಪತ್ರೆಯ ಯಾವ ಸಲಕರಣೆಯೂ ಇಲ್ಲದೆ, ಹಣವನ್ನೂ ಕೇಳದೆ ಅವರು ಮಾಡಿಸಿದ ಹೆರಿಗೆಗಳು 15 ಸಾವಿರಕ್ಕೂ ಹೆಚ್ಚು. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ ಅವರು ನಿಧನರಾದರು. ಮನೆಮಾತು ತೆಲುಗು, ಊರಮಾತು ಕನ್ನಡ. ಈ ಗಡಿಸೀಮೆಯ ಬಹುತೇಕರಂತೆ ಅವರೂ ಎರಡರಲ್ಲಿ ಬದುಕಿದವರು.

ಈಗ ಒಂದು ಸಣ್ಣ ಲೆಕ್ಕ. ಹುಟ್ಟಿನಿಂದಲೇ ಗಣನೀಯ ಶ್ರವಣದೋಷವಿರುವ ಶಿಶುಗಳು ಜಗತ್ತಿನಲ್ಲಿ ಸಾವಿರಕ್ಕೆ ಒಂದೆರಡು ಎಂಬುದು ಸಾಮಾನ್ಯ ಅಂದಾಜು. ಭಾರತದಲ್ಲಿ ಸಾವಿರ ಮಕ್ಕಳಲ್ಲಿ ನಾಲ್ವರಿಗೆ ತೀವ್ರ ಶ್ರವಣದೋಷವಿದೆ ಎಂಬ ಅಂಕಿಯನ್ನು ರಾಷ್ಟ್ರೀಯ ಶ್ರವಣದೋಷ ನಿಯಂತ್ರಣ ಕಾರ್ಯಕ್ರಮವೇ ಮುಂದಿಡುತ್ತದೆ. ಆ ಪ್ರಮಾಣವನ್ನು 15 ಸಾವಿರ ಹೆರಿಗೆಗಳಿಗೆ ಅನ್ವಯಿಸಿದರೆ 15ರಿಂದ 60 ಮಕ್ಕಳು ಎಂದಾಗುತ್ತದೆ. ಇದು ಕಾಗದದ ಮೇಲಿನ ಲೆಕ್ಕ ಮಾತ್ರ. ಆದರೆ ಅಷ್ಟು ಹುಟ್ಟುಗಳನ್ನು ಕಂಡ ಯಾವ ಅನುಭವಿ ಸೂಲಗಿತ್ತಿಯೇ ಆಗಲಿ, ಯಾವ ತಜ್ಞ ವೈದ್ಯರೇ ಆಗಲಿ, ಬರಿಯ ಅಳುವನ್ನು ಕೇಳಿ ಆ ಮಕ್ಕಳನ್ನು ಬೇರೆ ಮಾಡಿ ತೋರಿಸಲಾರರು.

ಮೊದಲ ಉಸಿರು, ಮೊದಲ ದನಿ

ಗರ್ಭದಲ್ಲಿರುವ ಶಿಶುವಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ದ್ರವ ತುಂಬಿರುತ್ತದೆ. ಇದು ಸುತ್ತಲಿನ ಗರ್ಭನೀರು ಒಳಹೊಕ್ಕದ್ದು ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಬಹುಪಾಲು ಶ್ವಾಸಕೋಶವೇ ಸ್ರವಿಸಿಕೊಂಡ ದ್ರವ. ಅಲ್ಲಿಯವರೆಗೆ ಆಮ್ಲಜನಕ ಬರುವುದು ಮಾಸಿನ ಮೂಲಕ, ಹೊಕ್ಕುಳಬಳ್ಳಿಯ ದಾರಿಯಲ್ಲಿ. ಹೆರಿಗೆ ನೋವು ಆರಂಭವಾದಾಗ ಶಿಶುವಿನ ದೇಹದಲ್ಲಿ ಅಡ್ರಿನಲಿನ್ ಮುಂತಾದ ಹಾರ್ಮೋನುಗಳು ಏರುತ್ತವೆ. ಶ್ವಾಸಕೋಶದ ಒಳಪದರ ದ್ರವವನ್ನು ಸ್ರವಿಸುವುದನ್ನು ನಿಲ್ಲಿಸಿ ಹೀರಿಕೊಳ್ಳಲು ತೊಡಗುತ್ತದೆ. ನೋವು ಬರುವ ಮುನ್ನವೇ ಸಿಸೇರಿಯನ್ ಮೂಲಕ ಹೊರಬಂದ ಕೆಲವು ಶಿಶುಗಳು ಒಂದೆರಡು ದಿನ ಏದುಸಿರು ಬಿಡುವುದು ಈ ಹೀರುವಿಕೆ ತಡವಾಗುವುದರಿಂದಲೇ.

ಹೊರಜಗತ್ತಿನ ತಣ್ಣನೆಯ ಗಾಳಿ, ಮೈ ಒರೆಸುವ ಬಟ್ಟೆಯ ಸ್ಪರ್ಶ, ರಕ್ತದಲ್ಲಿ ಏರಿದ ಇಂಗಾಲದ ಡೈಆಕ್ಸೈಡ್ ಎಲ್ಲವೂ ಸೇರಿ ಮೊದಲ ಉಸಿರನ್ನು ಎಳೆಯಿಸುತ್ತವೆ. ಒಳಗೆ ಬಂದ ಗಾಳಿ ಉಳಿದ ದ್ರವವನ್ನು ಸುತ್ತಲಿನ ಅಂಗಾಂಶಕ್ಕೆ ತಳ್ಳುತ್ತದೆ. ಆದರೆ ಉಸಿರು ಪೂರ್ತಿ ಹೊರಹೋದರೆ ಗಾಳಿಗೂಡುಗಳು ಮತ್ತೆ ಮುಚ್ಚಿಕೊಳ್ಳಬಹುದು, ದ್ರವ ಹಿಂದಿರುಗಬಹುದು. ಇದನ್ನು ತಡೆಯಲು ಶಿಶು ಒಂದು ಉಪಾಯ ಮಾಡುತ್ತದೆ. ಉಸಿರು ಬಿಡುವಾಗ ಗಂಟಲಿನಲ್ಲಿರುವ ಧ್ವನಿತಂತುಗಳನ್ನು ಬಿಗಿಹಿಡಿಯುತ್ತದೆ. ಬಾಯಿ ಬಿಗಿದ ಚೀಲದಿಂದ ಗಾಳಿ ಹೊರಡುವಂತೆ ಉಸಿರು ನಿಧಾನವಾಗಿ, ಒತ್ತಡದಿಂದ ಹೊರಬೀಳುತ್ತದೆ. ಒಳಗೆ ಸ್ವಲ್ಪ ಗಾಳಿ ಉಳಿಯುತ್ತದೆ. ಹೀಗೆ ಬಿಗಿದ ತಂತುಗಳ ನಡುವೆ ಗಾಳಿ ನುಗ್ಗಿದಾಗ ಅವು ಅದುರುತ್ತವೆ. ಆ ಅದುರುವಿಕೆಯೇ ಅಳು.

ಅಂದರೆ ಜೀವನದ ಮೊದಲ ದನಿ ಯಾರನ್ನೂ ಕರೆಯುವುದಕ್ಕಾಗಿ ಹುಟ್ಟಿದ್ದಲ್ಲ. ಶ್ವಾಸಕೋಶವನ್ನು ತೆರೆದಿಡುವ ಕೆಲಸದ ಜೊತೆಗೆ ಹೊರಟದ್ದು. ಕೂಸು ನೋವಿನಿಂದ ಅಳುತ್ತಿದೆ, ತಾಯಿಯನ್ನು ಅಗಲಿದ ದುಃಖಕ್ಕೆ ಅಳುತ್ತಿದೆ ಎಂಬ ವಿವರಣೆಗಳು ಕೇಳಲು ಚೆನ್ನಾಗಿವೆ, ಅಷ್ಟೆ.

ಸುಮಾರು ಹತ್ತರಲ್ಲಿ ಒಂದು ಶಿಶುವಿಗೆ ಮೊದಲ ಉಸಿರಿಗೆ ಒಂದಿಷ್ಟು ನೆರವು ಬೇಕಾಗುತ್ತದೆ. ಬೆಚ್ಚಗಿನ ಒಣ ಬಟ್ಟೆಯಿಂದ ಒರೆಸಿ ಬೆನ್ನುಜ್ಜಿದರೆ ಬಹುಪಾಲು ಶಿಶುಗಳು ಉಸಿರಾಡತೊಡಗುತ್ತವೆ. ಅಷ್ಟಕ್ಕೂ ಉಸಿರಾಡದಿದ್ದರೆ ಚೀಲ ಹಾಗೂ ಮುಖವಾಡದ ಸಾಧನದಿಂದ ಗಾಳಿ ಕೊಡಬೇಕು. ಇದೆಲ್ಲವೂ ಮೊದಲ 60 ಸೆಕೆಂಡುಗಳಲ್ಲಿ ನಡೆಯಬೇಕಾದ ಕೆಲಸ. ದಾದಿಯರಿಗೆ, ಹೆರಿಗೆ ಮಾಡಿಸುವ ಆರೋಗ್ಯ ಕಾರ್ಯಕರ್ತೆಯರಿಗೆ ಇದನ್ನು ಕಲಿಸಲೆಂದೇ ಕೇಂದ್ರ ಸರ್ಕಾರ 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಆರಂಭಿಸಿತು. ಕಾಲು ಹಿಡಿದು ತಲೆಕೆಳಗು ಮಾಡುವುದು, ಬೆನ್ನಿಗೆ ಬಡಿಯುವುದು, ತಣ್ಣೀರು ಎರಚುವುದು ಇವೆಲ್ಲ ಹಿಂದಿನ ಕಾಲದ ರೂಢಿಗಳು. ಇವುಗಳಿಂದ ಅಪಾಯವೇ ಹೆಚ್ಚು. ಅಳದಿದ್ದರೂ ಸರಾಗವಾಗಿ ಉಸಿರಾಡುತ್ತ, ಮೈ ಕೆಂಪಗಾಗಿ, ಕೈಕಾಲು ಆಡಿಸುತ್ತಿರುವ ಕೂಸನ್ನು ಬಲವಂತವಾಗಿ ಅಳಿಸುವ ಅಗತ್ಯವೂ ಇಲ್ಲ.

ಎರಡು ರಾಗಿ ಕಾಳಿನಷ್ಟು ತಂತು

ನವಜಾತ ಶಿಶುವಿನ ಧ್ವನಿತಂತುವಿನ ಉದ್ದ ಎರಡೂವರೆಯಿಂದ ಮೂರು ಮಿಲಿಮೀಟರ್. ಎರಡು ರಾಗಿ ಕಾಳುಗಳನ್ನು ಪಕ್ಕಪಕ್ಕ ಇಟ್ಟಷ್ಟು. ವಯಸ್ಕ ಹೆಂಗಸರಲ್ಲಿ ಇದು 11ರಿಂದ 15, ಗಂಡಸರಲ್ಲಿ 17ರಿಂದ 21 ಮಿಲಿಮೀಟರ್. ತಂತಿ ಗಿಡ್ಡವಾದಷ್ಟೂ ಸ್ವರ ಏರುವುದು ವೀಣೆ ನುಡಿಸುವವರಿಗೆ ಗೊತ್ತಿರುವ ಸಂಗತಿ. ಶಿಶುವಿನ ತಂತುಗಳು ಅಳುವಾಗ ಸೆಕೆಂಡಿಗೆ ಸಾಮಾನ್ಯವಾಗಿ 400ರಿಂದ 600 ಬಾರಿ ಅದುರುತ್ತವೆ. ಮಾತನಾಡುವ ಗಂಡಸಿನ ತಂತುಗಳು ಅದುರುವುದು ಸುಮಾರು 120 ಬಾರಿ, ಹೆಂಗಸಿನವು 200ರ ಆಸುಪಾಸು. ವಿಪರೀತ ನೋವಾದಾಗ ಶಿಶುವಿನ ದನಿ ಸಾವಿರವನ್ನೂ ದಾಟಿ ಸಿಳ್ಳೆಯಂತಾಗುವುದುಂಟು. ತಂತುಗಳು ಲಯ ತಪ್ಪಿ ಅದುರಿದರೆ ಕರ್ಕಶವಾದ, ಹರಿದಂಥ ದನಿ ಬರುತ್ತದೆ.

ವಯಸ್ಕರ ಧ್ವನಿತಂತುವಿನಲ್ಲಿ ಮೇಲ್ಪದರ, ನಡುವಣ ಬಂಧಕ, ಕೆಳಗಿನ ಸ್ನಾಯು ಎಂಬ ಪದರಗಳಿವೆ. ನವಜಾತ ಶಿಶುವಿನಲ್ಲಿ ಈ ಪದರಗಳು ಇನ್ನೂ ಬೇರ್ಪಟ್ಟಿರುವುದಿಲ್ಲ. ನಡುವಣ ಬಂಧಕ ಮೂಡುವುದು ಒಂದರಿಂದ ನಾಲ್ಕು ವರ್ಷದೊಳಗೆ. ಪೂರ್ಣ ರೂಪ ಬರುವುದು ಹರೆಯದಲ್ಲಿ. ದನಿಯ ಏರಿಳಿತವನ್ನು ನಯವಾಗಿ ಹಿಡಿತದಲ್ಲಿಡಲು ಕೂಸಿಗೆ ಆಗದಿರುವುದಕ್ಕೆ ಇದೂ ಒಂದು ಕಾರಣ.

ತಂತುಗಳಿಂದ ಹೊರಟ ಸದ್ದಿಗೆ ಆಕಾರ ಕೊಡುವುದು ಅವುಗಳ ಮೇಲಿನ ಕೊಳವೆ, ಅಂದರೆ ಗಂಟಲು ಹಾಗೂ ಬಾಯಿ. ವಯಸ್ಕ ಗಂಡಸಿನಲ್ಲಿ ಈ ಕೊಳವೆ ಸುಮಾರು 17 ಸೆಂ.ಮೀ., ಕೂಸಿನಲ್ಲಿ ಏಳೆಂಟು ಸೆಂ.ಮೀ. ಮಾತ್ರ. ನಾಗಸ್ವರಕ್ಕೂ ಪುಟ್ಟ ಮುಖವೀಣೆಗೂ ಇರುವ ವ್ಯತ್ಯಾಸವನ್ನು ನೆನೆದರೆ ಸಾಕು. ಗಾತ್ರದ ಜೊತೆಗೆ ಕೊಳವೆಯ ಆಕಾರವೂ ಬೇರೆ. ಕೂಸಿನ ಧ್ವನಿಪೆಟ್ಟಿಗೆ ಕತ್ತಿನಲ್ಲಿ ಬಹಳ ಮೇಲಿರುತ್ತದೆ. ಅದರ ಮುಚ್ಚಳ ಮೃದು ಅಂಗುಳವನ್ನು ಮುಟ್ಟುವಷ್ಟು ಹತ್ತಿರವಿರುತ್ತದೆ. ನಾಲಿಗೆ ಬಾಯನ್ನೆಲ್ಲ ತುಂಬಿಕೊಂಡಿರುತ್ತದೆ. ಹಾಲು ಚೀಪುವುದಕ್ಕೂ ಮೂಗಿನಿಂದ ಉಸಿರಾಡುವುದಕ್ಕೂ ಹೇಳಿ ಮಾಡಿಸಿದ ವ್ಯವಸ್ಥೆ ಇದು. (ಕೂಸು ಏಕಕಾಲಕ್ಕೆ ನುಂಗುತ್ತದೆ, ಉಸಿರಾಡುತ್ತದೆ ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿರುವುದು ಪೂರ್ತಿ ಸರಿಯಲ್ಲ. ನುಂಗುವ ಕ್ಷಣದಲ್ಲಿ ಅದರ ಉಸಿರೂ ಒಂದು ಗಳಿಗೆ ನಿಲ್ಲುತ್ತದೆ.) ಆದರೆ ಮಾತಿಗೆ ಈ ವ್ಯವಸ್ಥೆ ಒದಗುವುದಿಲ್ಲ. ನಾಲಿಗೆ ಹಿಂದೆ ಮುಂದೆ, ಮೇಲೆ ಕೆಳಗೆ ಆಡಲು ಜಾಗವಿಲ್ಲ. ಅ, ಇ, ಉ ಎಂದು ಸ್ವರಗಳನ್ನು ಬೇರ್ಪಡಿಸಿ ಹೇಳಲು ಬಾರದು. ಬರುವುದೆಲ್ಲ ಮೂಗು ಬೆರೆತ, ಅ ಮತ್ತು ಎ ನಡುವಿನ ಒಂದು ಎಳೆದ ದನಿ.

ಗಡಿಸೀಮೆಯ ತೆಲುಗು ಮನೆಗಳಲ್ಲಿ ಎಳೆಗೂಸಿನ ದನಿಗೆ 'ಉಂಗಾ' ಎನ್ನುತ್ತಾರೆ. ಯಾರು ಮೊದಲು ಹಾಗೆಂದರೋ, ಅವರ ಕಿವಿ ಚುರುಕಾಗಿತ್ತು. ನಾಲಿಗೆಯ ಹಿಂಭಾಗ ಅಂಗುಳಕ್ಕೆ ತಗಲಿ, ಗಾಳಿ ಮೂಗಿನಿಂದಲೂ ಹೊರಟರೆ ಬರುವುದು ವರ್ಣಮಾಲೆಯ ಕವರ್ಗದ ಕೊನೆಯ ಅಕ್ಷರವಾದ ಙ ಎಂಬ ಅನುನಾಸಿಕವೇ. ಕೂಸಿನ ಬಾಯಿಯ ರಚನೆಯಲ್ಲಿ ಸುಲಭವಾಗಿ ಆಗಬಲ್ಲ ಸದ್ದು ಅದು.

ಅಳುವ ಮಗುವಿಗೆ ಮೊದಲ ಕೆಲವು ವಾರ ಕಣ್ಣೀರು ಬರುವುದಿಲ್ಲ. ಕಣ್ಣನ್ನು ತೇವವಾಗಿಡುವಷ್ಟು ನೀರು ಒಸರುತ್ತದೆಯೇ ಹೊರತು ಕೆನ್ನೆಯ ಮೇಲೆ ಹರಿಯುವಷ್ಟಲ್ಲ. ಅಳು ಮತ್ತು ಕಣ್ಣೀರು ಒಟ್ಟಿಗೇ ಬಂದವುಗಳಲ್ಲ ಎಂಬುದಕ್ಕೆ ಇದು ಸಾಕ್ಷಿ.

ಅಳುವಿನ ಕೇಂದ್ರ

ಅಳಬೇಕೆಂಬ ಆಜ್ಞೆ ಹೊರಡುವುದು ಮಿದುಳಿನ ಮೇಲ್ಭಾಗದಿಂದಲ್ಲ, ಬುಡದಲ್ಲಿರುವ ಮಿದುಳುಕಾಂಡದಿಂದ. ಉಸಿರಾಟ, ನುಂಗುವಿಕೆ, ಹೃದಯ ಬಡಿತಗಳನ್ನು ನೋಡಿಕೊಳ್ಳುವ ಭಾಗ ಇದೇ. ಇಲ್ಲಿಂದ ವೇಗಸ್ ಎಂಬ ನರದ ಕವಲುಗಳು ಧ್ವನಿಪೆಟ್ಟಿಗೆಗೆ ಇಳಿಯುತ್ತವೆ. ಮಿದುಳಿನ ಮೇಲ್ಭಾಗವೇ ಬೆಳೆಯದೆ ಹುಟ್ಟುವ, ಹೆಚ್ಚು ಕಾಲ ಬದುಕುಳಿಯದ ದುರದೃಷ್ಟದ ಶಿಶುಗಳಿವೆ. ಅವೂ ಅಳುತ್ತವೆಂಬುದನ್ನು ವೈದ್ಯರು ಹಿಂದೆಯೇ ದಾಖಲಿಸಿದ್ದಾರೆ. ಕಲಿಕೆ, ನೆನಪು, ಭಾಷೆಗಳ ನೆಲೆಯಾದ ಭಾಗವಿಲ್ಲದೆಯೂ ಅಳು ಸಾಧ್ಯ ಎಂದಾಯಿತು. ಹಾಗಿರುವಾಗ ಕಿವಿಯಿಂದ ಮಿದುಳಿಗೆ ಬರುವ ದಾರಿ ಮುಚ್ಚಿದ್ದರೂ ಅಳು ತಡೆಯಿಲ್ಲದೆ ನಡೆಯುವುದರಲ್ಲಿ ಆಶ್ಚರ್ಯವಿಲ್ಲ.

ಆರೆಂಟು ವಾರಗಳ ಹೊತ್ತಿಗೆ ಕೂಸು ಅಳುವಿನ ಹೊರತಾದ ಹಿತವಾದ ದನಿಗಳನ್ನು ಆಡತೊಡಗುತ್ತದೆ. ತಾಯಿ ಮುಖ ತಗ್ಗಿಸಿ ಮಾತನಾಡಿಸಿದರೆ ಊಂಗುಟ್ಟುತ್ತದೆ. ಶ್ರವಣದೋಷವಿರುವ ಕೂಸೂ ಊಂಗುಟ್ಟುತ್ತದೆ. ಅದು ತಾಯಿಯ ಮುಖವನ್ನು ನೋಡಿ ಪ್ರತಿಕ್ರಿಯಿಸುತ್ತಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಕೇಕೆ, ನಗು. ಅದೂ ಇರುತ್ತದೆ. ದಾರಿ ಬೇರೆಯಾಗುವುದು ಆಮೇಲೆ. ಆರರಿಂದ ಹತ್ತು ತಿಂಗಳ ನಡುವೆ ಕಿವಿ ಕೇಳುವ ಮಗು 'ಬಬಬ', 'ದದದ', 'ಮಮಮ' ಎಂದು ವ್ಯಂಜನ ಸ್ವರಗಳನ್ನು ಜೋಡಿಸಿ ಸರಮಾಲೆ ಕಟ್ಟುತ್ತದೆ. ಸುತ್ತಲಿನ ಮಾತನ್ನೂ ತನ್ನದೇ ದನಿಯನ್ನೂ ಕೇಳಿಕೊಂಡು ಮಾಡುವ ಅಭ್ಯಾಸ ಇದು. ಕಿಂಬ್ರೋ ಆಲ್ಲರ್ ಮತ್ತು ರೆಬೆಕಾ ಐಲರ್ಸ್ ಎಂಬ ಅಮೆರಿಕದ ಸಂಶೋಧಕರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇಳುವ ಮಕ್ಕಳೆಲ್ಲರೂ ಹತ್ತು ತಿಂಗಳೊಳಗೆ ಈ ಹಂತ ಮುಟ್ಟಿದ್ದರು. ತೀವ್ರ ಶ್ರವಣದೋಷವಿದ್ದ ಮಕ್ಕಳು ಮುಟ್ಟಿದ್ದು ಅದಾದ ಮೇಲೆಯೇ.

ಹೀಗೆ ಮೊದಲ ಅರ್ಧ ವರ್ಷ ಮನೆಯವರಿಗೆ ಸಂಶಯ ಬರಲು ಕಾರಣವೇ ಇರುವುದಿಲ್ಲ. ಆಮೇಲೆ ಬಂದರೂ ಸಮಾಧಾನಕ್ಕೆ ಮಾತುಗಳು ಸಿದ್ಧವಿರುತ್ತವೆ. 'ಅವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು.' 'ಗಂಡುಮಗು, ನಿಧಾನ.' ಗಡಿಭಾಗದಲ್ಲಿ ಇನ್ನೊಂದು ಸೇರುತ್ತದೆ: 'ಮನೆಯಲ್ಲಿ ಎರಡು ಭಾಷೆ, ಪಾಪ ಮಗುವಿಗೆ ಗೊಂದಲ.'

ಎರಡು ಭಾಷೆಯ ಗರ್ಭ

ಈ ಕೊನೆಯ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಬಹುಪಾಲು ಆಂಧ್ರದಿಂದ ಸುತ್ತುವರಿದ ಪಾವಗಡ ತಾಲ್ಲೂಕಿನಲ್ಲಿ ಕನ್ನಡ ತೆಲುಗು ಎರಡೂ ನಡೆಯುತ್ತವೆ. ನಾಗಲಮಡಿಕೆಯ ಹುಡುಗಿ 2022ರಲ್ಲಿ ರಚನೆಯಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೊಸೆಯಾಗಿ ಹೋಗುವುದು, ಅಲ್ಲಿಯವಳು ಇಲ್ಲಿಗೆ ಬರುವುದು ಸಾಮಾನ್ಯ. ಇಂಥ ತಾಯಿಯ ಹೊಟ್ಟೆಯಲ್ಲಿರುವ ಶಿಶು ಎರಡೂ ಭಾಷೆಗಳನ್ನು ಕೇಳಿಯೇ ಹುಟ್ಟುತ್ತದೆ.

ಗರ್ಭಸ್ಥ ಶಿಶುವಿನ ಕಿವಿ ಸುಮಾರು ಆರನೇ ತಿಂಗಳ ಕೊನೆಗೆ ಕೆಲಸ ಆರಂಭಿಸುತ್ತದೆ. ಹೊಟ್ಟೆಯ ಗೋಡೆ, ನೀರುಗಳನ್ನು ದಾಟುವಾಗ ಮಾತಿನ ಸೂಕ್ಷ್ಮಗಳು ಸೋರಿಹೋಗಿ ಅದರ ರಾಗ ಮತ್ತು ಲಯ ಮಾತ್ರ ಉಳಿಯುತ್ತವೆ. ಗೋಡೆಯಾಚೆಯ ಮನೆಯಲ್ಲಿ ಯಾರೋ ಮಾತನಾಡಿದಂತೆ. ಅಷ್ಟರಿಂದಲೇ ಶಿಶು ತಾಯಿಯ ದನಿಯನ್ನು ಗುರುತು ಹಿಡಿಯುತ್ತದೆ ಎಂಬುದು 1980ರಿಂದಲೇ ತಿಳಿದಿದೆ. ಜರ್ಮನಿಯ ಕ್ಯಾಥ್ಲೀನ್ ವೆರ್ಮ್ಕೆ ಮತ್ತು ಸಹಸಂಶೋಧಕರು 2009ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹುಟ್ಟಿ ಎರಡರಿಂದ ಐದು ದಿನವಾದ 30 ಫ್ರೆಂಚ್, 30 ಜರ್ಮನ್ ಶಿಶುಗಳ ಅಳುವನ್ನು ಅಳೆದು ನೋಡಿದಾಗ, ಫ್ರೆಂಚ್ ಶಿಶುಗಳ ಅಳು ಕೆಳಗಿನಿಂದ ಮೇಲಕ್ಕೆ, ಜರ್ಮನ್ ಶಿಶುಗಳದು ಮೇಲಿನಿಂದ ಕೆಳಕ್ಕೆ ಹೋಗುವ ಪ್ರವೃತ್ತಿ ಕಂಡುಬಂದಿತು. ಆಯಾ ಭಾಷೆಯ ಮಾತಿನ ರಾಗವೂ ಹಾಗೆಯೇ ಇದೆ ಎಂಬುದು ಅವರ ವಾದ. ವಿದ್ವಾಂಸರೆಲ್ಲರೂ ಇದನ್ನು ಒಪ್ಪಿಲ್ಲ. ಒಪ್ಪಿದರೂ ಇದು ಗುಂಪುಗಳ ಸರಾಸರಿಯಲ್ಲಿ ಕಾಣುವ ತೆಳುವಾದ ವ್ಯತ್ಯಾಸ. ಅದರಿಂದ ಒಂದು ಕೂಸಿನ ಅಳು ಕೇಳಿ ಅದಕ್ಕೆ ಕಿವಿ ಇದೆಯೋ ಇಲ್ಲವೋ ಹೇಳಲಾಗದು.

ಎರಡು ಭಾಷೆಯ ತಾಯಂದಿರ ಶಿಶುಗಳ ವಿಷಯದಲ್ಲಿ ಕೆನಡಾದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಗರ್ಭಿಣಿಯಾಗಿದ್ದಾಗ ಇಂಗ್ಲಿಷ್ ಮತ್ತು ಫಿಲಿಪ್ಪೀನ್ಸಿನ ಟಗಾಲೊಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ನವಜಾತ ಶಿಶುಗಳು ಎರಡೂ ಭಾಷೆಗಳಿಗೆ ಆಸಕ್ತಿ ತೋರಿದವು, ಎರಡನ್ನೂ ಬೇರೆ ಬೇರೆ ಎಂದು ಗುರುತಿಸಿದವು ಕೂಡ. ಗೊಂದಲದ ಸುಳಿವು ಇರಲಿಲ್ಲ. ಕನ್ನಡ ತೆಲುಗುಗಳು ಒಂದೇ ದ್ರಾವಿಡ ಬಳ್ಳಿಯ ಕುಡಿಗಳಾಗಿ ಪರಸ್ಪರ ಇನ್ನೂ ಹತ್ತಿರದವು. ಮನೆಯಲ್ಲಿ ಎರಡು ಭಾಷೆ ಇರುವುದು ಮಗುವಿನ ಮೌನಕ್ಕೆ ಕಾರಣವಲ್ಲ. ಒಂದೂವರೆ ವರ್ಷವಾದರೂ ಒಂದು ಪದವೂ ಬಾರದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು, ಮೊದಲು ಕಿವಿಯಲ್ಲಿ.

ಸಂಬಂಧದೊಳಗಿನ ಮದುವೆ

ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಈ ಸೀಮೆಗೆ ಹೊಸದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದೊಳಗೆ ನಡೆದವು. ಇದರಿಂದ ಮಕ್ಕಳೆಲ್ಲ ದೋಷದೊಂದಿಗೆ ಹುಟ್ಟುತ್ತಾರೆ ಎಂದಲ್ಲ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಶ್ರವಣದೋಷದ ಕೆಲವು ವಂಶವಾಹಿಗಳು ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಕನೆಕ್ಸಿನ್ 26 ಎಂಬ ಪ್ರೋಟೀನಿಗೆ ಸಂಬಂಧಿಸಿದ ವಂಶವಾಹಿ ಇವುಗಳಲ್ಲಿ ಪ್ರಮುಖವಾದುದು. ಒಂದೇ ಅಜ್ಜ ಅಜ್ಜಿಯ ರಕ್ತ ಇಬ್ಬರಲ್ಲೂ ಇದ್ದಾಗ ಅದೇ ದೋಷವನ್ನು ಇಬ್ಬರೂ ಹೊತ್ತಿರುವ ಸಂಭವ ಏರುತ್ತದೆ. ಇಬ್ಬರೂ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ತಂದೆ ತಾಯಿಯ ಕಿವಿ ಮಾತ್ರ ಚೆನ್ನಾಗಿಯೇ ಇರುತ್ತದೆ. 'ನಮ್ಮ ವಂಶದಲ್ಲಿ ಯಾರಿಗೂ ಇಲ್ಲ' ಎಂಬ ಮಾತು ಇಲ್ಲಿ ನೆರವಿಗೆ ಬಾರದು.

ಉಳಿದ ಕಾರಣಗಳೂ ಇವೆ. ಗರ್ಭಿಣಿಗೆ ತಗಲುವ ರುಬೆಲ್ಲಾ ಮುಂತಾದ ಸೋಂಕುಗಳು, ತೂಕ ತೀರಾ ಕಡಿಮೆ ಇರುವುದು, ಹುಟ್ಟಿದ ಕೂಡಲೆ ಉಸಿರು ಕಟ್ಟುವುದು, ತೀವ್ರ ಕಾಮಾಲೆ, ತೀವ್ರ ನಿಗಾ ಘಟಕದಲ್ಲಿ ದಿನಗಟ್ಟಲೆ ಇರಬೇಕಾದುದು. ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2017ರ ಫೆಬ್ರುವರಿಯಲ್ಲಿ.

ಕಿವಿ ಮಾಡುವ ಸದ್ದು

ಮಗುವಿನ ಹಿಂದೆ ನಿಂತು ತಟ್ಟೆ ಬಡಿಯುವುದು, ಚಪ್ಪಾಳೆ ತಟ್ಟುವುದು ಮನೆಯವರು ಮಾಡುವ ಪರೀಕ್ಷೆ. ಇದು ಮೋಸ ಮಾಡುತ್ತದೆ. ಗಾಳಿಯ ಅಲೆ, ನೆಲದ ಅದಿರಾಟ, ನೆರಳಿನ ಚಲನೆ ಯಾವುದಕ್ಕಾದರೂ ಮಗು ಬೆಚ್ಚಬಹುದು. ತಟ್ಟೆಯ ಸದ್ದು ಕೇಳಿಸುವಷ್ಟು ಕಿವಿ ಇದ್ದು ಮಾತು ಕೇಳಿಸುವಷ್ಟು ಇಲ್ಲದಿರಬಹುದು.

ನಿಜವಾದ ಪರೀಕ್ಷೆ ಒಂದು ವಿಚಿತ್ರವಾದ ಸಂಗತಿಯನ್ನು ಆಧರಿಸಿದೆ. 1978ರಲ್ಲಿ ಬ್ರಿಟನ್ನಿನ ವಿಜ್ಞಾನಿ ಡೇವಿಡ್ ಕೆಂಪ್ ಅವರು ಆರೋಗ್ಯವಂತ ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಅತಿ ಸಣ್ಣ ಸದ್ದು ಮಾಡುತ್ತದೆ ಎಂಬುದನ್ನು ವರದಿ ಮಾಡಿದರು. ಬಸವನಹುಳುವಿನ ಆಕಾರದ ಒಳಕಿವಿಯಲ್ಲಿ ಸಾಲಾಗಿರುವ ಕೂದಲಿನಂಥ ಕೋಶಗಳು ಹೊರಗಿನ ಸದ್ದಿಗೆ ಕುಣಿಯುತ್ತವೆ. ಆ ಕುಣಿತದ ಮರುದನಿ ಕಿವಿಯಿಂದ ಹೊರಗೆ ಬರುತ್ತದೆ. ಪರೀಕ್ಷೆಯಲ್ಲಿ ಮಲಗಿರುವ ಕೂಸಿನ ಕಿವಿಗೆ ಮೆತ್ತನೆಯ ಪುಟ್ಟ ಬಿರಟೆಯನ್ನು ಇಡಲಾಗುತ್ತದೆ. ಅದು ಟಕಟಕ ಸದ್ದು ಕಳಿಸಿ ಮರುದನಿಗಾಗಿ ಕಾಯುತ್ತದೆ. ಸೂಜಿ ಇಲ್ಲ, ನೋವಿಲ್ಲ. ಕೂಸು ನಿದ್ರಿಸುತ್ತಿದ್ದರೆ ಕೆಲವೇ ನಿಮಿಷಗಳ ಕೆಲಸ. ವೈದ್ಯರು ಇದನ್ನು ಒ.ಎ.ಇ. ಪರೀಕ್ಷೆ ಎನ್ನುತ್ತಾರೆ. ಕೂಸು ಅಳುತ್ತಿದ್ದರೆ ಮಾತ್ರ ಈ ಪರೀಕ್ಷೆ ನಡೆಯದು. ಆ ಗದ್ದಲದಲ್ಲಿ ಕಿವಿಯ ಪಿಸುದನಿ ಮುಳುಗಿಹೋಗುತ್ತದೆ.

ಮರುದನಿ ಬರಲಿಲ್ಲವೆಂದ ಕೂಡಲೆ ಮಗು ಕಿವುಡು ಎಂದು ಎದೆ ಬಡಿದುಕೊಳ್ಳಬೇಕಿಲ್ಲ. ಹುಟ್ಟಿದ ಮೊದಲ ದಿನ ಕಿವಿಯೊಳಗೆ ಹೆರಿಗೆಯ ಕಶ್ಮಲ, ದ್ರವ ಉಳಿದಿದ್ದರೂ ಹೀಗಾಗುತ್ತದೆ. ಕೆಲವು ದಿನ ಬಿಟ್ಟು ಮರುಪರೀಕ್ಷೆ ಮಾಡಿಸಬೇಕು. ಆಗಲೂ ಬಾರದಿದ್ದರೆ ಶ್ರವಣ ನರದಿಂದ ಮಿದುಳುಕಾಂಡದವರೆಗಿನ ವಿದ್ಯುತ್ ಸಂಕೇತವನ್ನು ಅಳೆಯುವ ಬೇರಾ ಪರೀಕ್ಷೆ ಇದೆ. ಕಾಮಾಲೆ ತೀವ್ರವಾಗಿದ್ದ, ನಿಗಾ ಘಟಕದಲ್ಲಿದ್ದ ಶಿಶುಗಳಿಗೆ ಮೊದಲೇ ಈ ಎರಡನೆಯ ಪರೀಕ್ಷೆ ಅಗತ್ಯ. ಒಳಕಿವಿ ಸರಿಯಿದ್ದು ನರದಲ್ಲಿ ತೊಂದರೆ ಇದ್ದರೆ ಒ.ಎ.ಇ. ಅದನ್ನು ಹಿಡಿಯುವುದಿಲ್ಲ.

ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಧಾರ, ಆರು ತಿಂಗಳೊಳಗೆ ಶ್ರವಣ ಸಾಧನ ಹಾಗೂ ತರಬೇತಿ. ಜಗತ್ತಿನಾದ್ಯಂತ ತಜ್ಞರು ಒಪ್ಪಿರುವ ಕ್ರಮ ಇದು. ಅವಸರಕ್ಕೆ ಕಾರಣವಿದೆ. ಮಿದುಳಿನ ಶ್ರವಣ ಭಾಗ ಮೊದಲ ಕೆಲವು ವರ್ಷಗಳಲ್ಲಿ ಸದ್ದು ಸಿಗದಿದ್ದರೆ ಬೇರೆ ಕೆಲಸಗಳಿಗೆ ಒಗ್ಗಿಕೊಳ್ಳುತ್ತದೆ. ಆಮೇಲೆ ಸಾಧನ ಕೊಟ್ಟರೂ ಸದ್ದು ಕೇಳಿಸಬಹುದು, ಮಾತಾಗಿ ಅರ್ಥವಾಗುವುದು ಕಷ್ಟ. ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆಯ ಸಾಧನವನ್ನು ಉಚಿತವಾಗಿ ಕೊಡುವ ಸರ್ಕಾರಿ ಯೋಜನೆಗಳಲ್ಲಿ ವಯಸ್ಸಿನ ಮಿತಿ ಇರುವುದೂ ಇದಕ್ಕಾಗಿಯೇ. ಮೂರು ವರ್ಷ ಕಾದು ಬಂದ ಕುಟುಂಬಕ್ಕೆ ಉಳಿಯುವುದು ಅಲ್ಪ ಅವಧಿ.

ಸೌಲಭ್ಯ ಎಲ್ಲಿ?

ಶ್ರವಣ ಪರೀಕ್ಷೆಯ ವಿಷಯದಲ್ಲಿ ರಾಜ್ಯಕ್ಕೆ ಒಂದು ಅನುಕೂಲವಿದೆ. ದೇಶದಲ್ಲಿಯೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ. ಅಲ್ಲಿ ನವಜಾತ ಶಿಶುಗಳ ಶ್ರವಣ ತಪಾಸಣೆಯ ಜೊತೆಗೆ ಅಳುವಿನ ವಿಶ್ಲೇಷಣೆಯನ್ನೂ ಮಾಡಲಾಗುತ್ತದೆ. ಶ್ರವಣದೋಷ ನಿಯಂತ್ರಣ ಕಾರ್ಯಕ್ರಮ 2007ರಿಂದ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇವೆ. ಎರಡನೆಯದರ ಪಟ್ಟಿಯಲ್ಲಿ ಹುಟ್ಟುಗಿವುಡುತನವೂ ಸೇರಿದೆ. ಹೆಚ್ಚಿನ ತಪಾಸಣೆಗೆ ಜಿಲ್ಲಾ ಕೇಂದ್ರಗಳಿವೆ.

ತೊಂದರೆ ಇರುವುದು ದೂರದಲ್ಲಿ. ನಾಗಲಮಡಿಕೆಯಿಂದ ತಾಲ್ಲೂಕು ಕೇಂದ್ರವಾದ ಪಾವಗಡ ಸುಮಾರು 15 ಕಿ.ಮೀ. ಅಲ್ಲಿಂದ ಮಧುಗಿರಿ, ಕೊರಟಗೆರೆ ಮಾರ್ಗವಾಗಿ ಜಿಲ್ಲಾ ಕೇಂದ್ರ ತುಮಕೂರು ಇನ್ನೂ ಸುಮಾರು ನೂರು ಕಿ.ಮೀ. ಮರುಪರೀಕ್ಷೆಗೆ ಬನ್ನಿ ಎಂದಾಗ ಬಾಣಂತಿ ಮತ್ತು ತಿಂಗಳು ತುಂಬದ ಕೂಸು ಇಷ್ಟು ದಾರಿ ಸವೆಸಬೇಕು. ಕೂಲಿ ಬಿಟ್ಟು ಜೊತೆಗೆ ಒಬ್ಬರು ಬರಬೇಕು. ಕೂಸು ಚೆನ್ನಾಗಿ ಅಳುತ್ತಿದೆ, ಹಾಲು ಕುಡಿಯುತ್ತಿದೆ, ಯಾಕೆ ಬೇಕು ಎಂದು ಮನೆಯ ಹಿರಿಯರು ಹೇಳಿದರೆ ಪ್ರಯಾಣ ಅಲ್ಲಿಗೆ ನಿಲ್ಲುತ್ತದೆ. ಅಳುವಿನ ಮೇಲಿನ ತಪ್ಪು ನಂಬಿಕೆ ನಷ್ಟ ಮಾಡುವುದು ಈ ಹೊತ್ತಿನಲ್ಲಿ.

ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಮನೆಗೆ ಬರಬೇಕೆಂಬ ನಿಯಮ 2011ರಿಂದ ಇದೆ. ಕಿವಿ ಪರೀಕ್ಷೆ ಆಗಿದೆಯೇ ಎಂದು ಕೇಳಲು ಮನೆಬಾಗಿಲಿಗೇ ಬರುವ ಅವಕಾಶ ಅದು.

ಅಳು ಹೇಳುವ ಸಂಗತಿಗಳು

ಕಿವಿಯ ಬಗ್ಗೆ ಹೇಳದಿದ್ದರೂ ಬೇರೆ ಕೆಲವನ್ನು ಅಳು ಹೇಳುತ್ತದೆ. ಕೂಸು ಸಿಳ್ಳೆಯಂಥ ತೀಕ್ಷ್ಣ ದನಿಯಲ್ಲಿ ನಿಲ್ಲದೆ ಅಳುತ್ತಿದ್ದರೆ, ಜೊತೆಗೆ ಮೈ ಹಳದಿಯಾಗಿದ್ದರೆ ಕಾಮಾಲೆ ಮಿದುಳಿಗೆ ಏರಿರುವ ಸಂಶಯ ಪಡಬೇಕು. ಕ್ಷೀಣ ಅಳು, ಹಾಲು ಬಿಡುವುದು, ಮೈ ತಣ್ಣಗಾಗುವುದು ಸೋಂಕಿನ ಲಕ್ಷಣಗಳಾಗಬಹುದು. ಒಡಕು ದನಿ ಥೈರಾಯ್ಡ್ ಕೊರತೆಯನ್ನು ಸೂಚಿಸಬಹುದು. ಬೆಕ್ಕಿನ ಮರಿಯಂಥ ಅಳು ಐದನೇ ವರ್ಣತಂತುವಿನ ತುಣುಕು ಕಳಚಿಹೋಗಿರುವ ಅಪರೂಪದ ಸ್ಥಿತಿಯ ಗುರುತು. 1963ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ಅದನ್ನು ವಿವರಿಸಿದರು. ಉಸಿರು ಎಳೆದಾಗ ಗೊರಗೊರ ಎನ್ನುವ ಸದ್ದು ಬಹುಮಟ್ಟಿಗೆ ಎಳೆಯ ಧ್ವನಿಪೆಟ್ಟಿಗೆ ಮೆತ್ತಗಿರುವುದರಿಂದ ಬರುವಂಥದ್ದು. ಒಂದೂವರೆ ವರ್ಷದ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ, ಆದರೂ ವೈದ್ಯರಿಗೆ ತೋರಿಸಬೇಕು. ಉಸಿರು ಬಿಡುವಾಗಲೆಲ್ಲ ನರಳುವ ಸದ್ದು ಬರುತ್ತಿದ್ದರೆ, ಪಕ್ಕೆಗಳು ಒಳಸೇದುತ್ತಿದ್ದರೆ ಬೆಳಗಾಗುವವರೆಗೂ ಕಾಯಬಾರದು, 108ಕ್ಕೆ ಕರೆ ಮಾಡಬೇಕು.

ಹಸಿವಿನ ಅಳು, ನಿದ್ದೆಯ ಅಳು, ಹೊಟ್ಟೆನೋವಿನ ಅಳು ಎಂದು ವಿಂಗಡಿಸಿ ಹೇಳುತ್ತೇವೆಂಬ ಮೊಬೈಲ್ ತಂತ್ರಾಂಶಗಳು ಪೇಟೆಯಲ್ಲಿವೆ. ಫ್ರಾನ್ಸಿನ ಸಂಶೋಧಕರ ತಂಡವೊಂದು 24 ಶಿಶುಗಳ ಮೊದಲ ನಾಲ್ಕು ತಿಂಗಳ 39 ಸಾವಿರಕ್ಕೂ ಹೆಚ್ಚು ಅಳುಗಳನ್ನು ಪರಿಶೀಲಿಸಿ 2023ರಲ್ಲಿ ವರದಿ ಪ್ರಕಟಿಸಿತು. ಅಳು ಯಾವ ಕೂಸಿನದು ಎಂಬುದು ಗೊತ್ತಾಗುತ್ತದೆ, ಏಕೆ ಅಳುತ್ತಿದೆ ಎಂಬುದು ಅಳುವಿನ ದನಿಯೊಂದರಿಂದಲೇ ಗೊತ್ತಾಗುವುದಿಲ್ಲ ಎಂಬುದು ಅದರ ಫಲಿತಾಂಶ. ಕಾರಣವನ್ನು ತಾಯಂದಿರು ಊಹಿಸುವುದು ಹೊತ್ತು ನೋಡಿ, ಕೊನೆಯ ಬಾರಿ ಹಾಲು ಕುಡಿಸಿದ್ದು ನೆನೆದು. ಆ ಲೆಕ್ಕಕ್ಕೆ ಹಣ ಕೊಡಬೇಕಿಲ್ಲ.

ಎಣ್ಣೆನೀರು ಹಾಕುವಾಗ ಕೂಸಿನ ಕಿವಿಗೆ ಎಣ್ಣೆ ಬಿಡುವುದು, ಮೂಗಿಗೆ ಊದುವುದು ಅನೇಕ ಮನೆಗಳಲ್ಲಿ ಇನ್ನೂ ಉಂಟು. ಎರಡನ್ನೂ ಮಕ್ಕಳ ವೈದ್ಯರು ಬೇಡವೆನ್ನುತ್ತಾರೆ. ಕಿವಿಗೆ ಬಿಟ್ಟ ಎಣ್ಣೆ ಸೋಂಕಿಗೆ ದಾರಿ ಮಾಡಬಹುದು, ಪರೀಕ್ಷೆಯ ಫಲಿತಾಂಶವನ್ನೂ ಕೆಡಿಸಬಹುದು.

ಹುಟ್ಟಿದಾಗ ಪರೀಕ್ಷೆಯಲ್ಲಿ ಸರಿಯಿದ್ದ ಕಿವಿ ಆಮೇಲೆ ಮಂದವಾಗುವುದೂ ಇದೆ. ವಂಶವಾಹಿಯ ಕೆಲವು ದೋಷಗಳು, ಮಿದುಳುಪೊರೆಯ ಉರಿಯೂತ, ಗರ್ಭದಲ್ಲಿದ್ದಾಗ ತಗಲಿದ ಕೆಲವು ಸೋಂಕುಗಳು ತಿಂಗಳುಗಳ ನಂತರ ಪರಿಣಾಮ ತೋರುತ್ತವೆ. ಒಂಬತ್ತು ತಿಂಗಳು ತುಂಬಿದ ಮಗುವನ್ನು ದಡಾರ ರುಬೆಲ್ಲಾ ಲಸಿಕೆಗೆ ಹೇಗೂ ಕರೆತರಬೇಕು. ಅಂದು ಮಗು 'ಬಬ', 'ದದ' ಎನ್ನುತ್ತಿದೆಯೇ, ಕಣ್ಣಿಗೆ ಕಾಣದಂತೆ ಹಿಂದಿನಿಂದ ಮೆಲ್ಲಗೆ ಹೆಸರು ಕರೆದರೆ ತಿರುಗುತ್ತದೆಯೇ ಎಂಬುದನ್ನು ತಾಯಿ ಲಸಿಕೆ ಹಾಕುವವರಿಗೆ ತಿಳಿಸಬಹುದು. ಇಲ್ಲವೆಂದಾದರೆ ಮುಂದಿನ ಚೀಟಿ ಕಿವಿ ಪರೀಕ್ಷೆಗೆ.